ಜಗುಲಿ ಇಲ್ಲದ ಮುಂಬಾಗಿಲು

ಕೈಯಲ್ಲಿ ಮಾಡಿದ ಅಪ್ಪಟ ಮರದ ಮುಂಬಾಗಿಲಿಗೆ ಟೆಕ್ಸಸ್‌ನಲ್ಲಿ ಗಿರಾಕಿಗಳ ಬರವಿಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಮನೆಗೇ ಬಂದು ಅಳತೆ ತೆಗೆದು, ಕೇಳಿದ ಮರದಲ್ಲಿ, ಕೇಳಿದ ವಿನ್ಯಾಸದಲ್ಲಿ ಬಾಗಿಲು ಮಾಡಿಕೊಡುವವರಿದ್ದಾರೆ. ಹ್ಯೂಸ್ಟನ್ನಿನ ವಾಯವ್ಯಕ್ಕಿರುವ ಸೈಪ್ರೆಸ್‌ನ ಬ್ರಿಡ್ಜ್‌ಲ್ಯಾಂಡ್, ಟೌನ್ ಲೇಕ್‌ನಂಥ ಬಡಾವಣೆಗಳಲ್ಲಿ ಬೀದಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಮುಖದ ಮನೆಗಳು. ಇದು ನಮ್ಮದು ಎಂದು ತೋರಿಸಿಕೊಳ್ಳಲು ಉಳಿಯುವುದು ಬಾಗಿಲೊಂದೇ. ಅಲ್ಲಿನವರು ಕಬ್ಬಿಣದ ಗುಬುಟು ಮೊಳೆ, ಸರಳು ಹಾಕಿದ ಪುಟ್ಟ ಕಿಂಡಿ ಕೇಳುತ್ತಾರೆ. ಅಲ್ಲಿ ನೆಲೆಸಿದ ನಮ್ಮವರಿಗೆ ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ ಬೇಕು. ಎರಡೂ ಚೆನ್ನ. ಆದರೆ ಈ ಕೆಲಸವನ್ನು ಕಸುಬಾಗಿ ತೂಗಿ ನೋಡಿದರೆ, ದುಡ್ಡೆಲ್ಲ ಕಣ್ಣಿಗೆ ಬೀಳುವ ಕಡೆ ಸುರಿಯುತ್ತಿದೆ, ಬಾಗಿಲಿನ ಆಯಸ್ಸು ನಿಶ್ಚಯವಾಗುವುದು ಮಾತ್ರ ಬೇರೆ ಕಡೆ ಎನ್ನದೆ ವಿಧಿಯಿಲ್ಲ.

ಮರ ಕಡಿದ ಮೇಲೂ ಉಸಿರಾಡುತ್ತದೆ ಎಂದು ಬಡಗಿಗಳು ಹೇಳುವುದು ಅಲಂಕಾರದ ಮಾತಲ್ಲ. ಗಾಳಿಯ ತೇವ ಹೀರಿ ಅದು ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಅಲುಗುವುದೇ ಇಲ್ಲ ಎನ್ನಬಹುದು. ಅಮೆರಿಕದ ಅರಣ್ಯ ಇಲಾಖೆಯ ಮ್ಯಾಡಿಸನ್ ಪ್ರಯೋಗಾಲಯ ಪ್ರಕಟಿಸುವ ಮರದ ಕೈಪಿಡಿಯಲ್ಲಿ ಯಾವ ಮರ ಎಷ್ಟು ಹಿಗ್ಗುತ್ತದೆ ಎಂಬ ಪಟ್ಟಿಯೇ ಇದೆ. ಅದರ ಲೆಕ್ಕ ಹಿಡಿದರೆ, ಮೂರಡಿ ಅಗಲಕ್ಕೆ ಮಹಾಗನಿ ಹಲಗೆಗಳನ್ನು ಒತ್ತಾಗಿ ಅಂಟಿಸಿ ಮಾಡಿದ ಬಾಗಿಲು ಮರದೊಳಗಿನ ತೇವ ನಾಲ್ಕೇ ಪ್ರತಿಶತ ಏರಿದರೂ ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ. ಚೌಕಟ್ಟಿನಲ್ಲಿ ಬಿಟ್ಟಿರುವ ಸಂದು ಅಷ್ಟಿರುವುದಿಲ್ಲ. ಅದೇ ಮರವನ್ನು ಎರಡು ನಿಲುವು ಪಟ್ಟಿ, ನಡುವೆ ಅಡ್ಡಪಟ್ಟಿ, ಅವುಗಳಲ್ಲಿ ತೋಡಿದ ಕಾಲುವೆಯೊಳಗೆ ಅಂಟಿಲ್ಲದೆ ಸಡಿಲವಾಗಿ ಕೂತ ಒಳಹಲಗೆ, ಹೀಗೆ ಜೋಡಿಸಿದರೆ ಲೆಕ್ಕವೇ ಬೇರೆ. ಅಡ್ಡಪಟ್ಟಿಯ ಮರ ಉದ್ದಕ್ಕೆ ಮಲಗಿರುವುದರಿಂದ ಅದು ಬೆಳೆಯುವುದಿಲ್ಲ. ಐದೂವರೆ ಇಂಚಿನ ಎರಡು ನಿಲುವು ಪಟ್ಟಿಗಳು ಸೇರಿ ಹಿಗ್ಗುವುದು 3 ಮಿಲಿಮೀಟರಿಗೂ ಕಡಿಮೆ. ಒಳಹಲಗೆ ತನ್ನ ಪಾಡಿಗೆ ಕಾಲುವೆಯೊಳಗೆ ಹಿಗ್ಗಿ ಕುಗ್ಗಿಕೊಂಡಿರುತ್ತದೆ. ನಮ್ಮ ಹಳೆಯ ಬಡಗಿಗಳು ಈ ಕೈಪಿಡಿಯನ್ನು ಓದಿದವರಲ್ಲ; ಆದರೂ ಬಾಗಿಲನ್ನು ಎರಡು ಕದ ಮಾಡಿದರು, ಕದವನ್ನು ಕೀಲಿಗೆ ತೂಗುಹಾಕದೆ ತಿರುಗಣಿಯ ಮೇಲೆ ನಿಲ್ಲಿಸಿ ಭಾರವನ್ನು ಹೊಸ್ತಿಲಿಗೆ ಹೊರಿಸಿದರು.

ಈಗ ಕೈಗೆಲಸದ ಹೆಸರಿನಲ್ಲಿ ಬರುವ ಬಾಗಿಲುಗಳಲ್ಲಿ ನನಗೆ ತಕರಾರಿರುವುದು ದಪ್ಪ ಹಲಗೆಗಳನ್ನು ಸಾಲಾಗಿ ಕೂಡಿಸಿದ ಕೋಟೆಬಾಗಿಲಿನ ಮಾದರಿಯ ಬಗ್ಗೆ. ನೋಡಲು ಗಂಭೀರ, ತೂಕವೂ ಬೇಕಾದಷ್ಟು. ಆದರೆ ಆಗಸ್ಟಿನಲ್ಲಿ ಹೊರಗೆ ಗಲ್ಫ್ ಕರಾವಳಿಯ ಬೇಗೆ ಮತ್ತು ತೇವ, ಒಳಗೆ ಹಗಲಿರುಳು ಎ.ಸಿ. ಒಂದೇ ಹಲಗೆಯ ಎರಡು ಮುಖಕ್ಕೆ ಎರಡು ಹವೆ. ಹೊರಮುಖ ಹಿಗ್ಗಿ ಒಳಮುಖ ಕುಗ್ಗಿದರೆ ಬಾಗಿಲು ಬಿಲ್ಲಾಗುತ್ತದೆ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಯಿತು, ಎಷ್ಟೋ ಕಡೆ ದಿನಗಟ್ಟಲೆ ಬರಲಿಲ್ಲ. ಎ.ಸಿ. ನಿಂತ ಮನೆಯೊಳಕ್ಕೂ ಅದೇ ತೇವ ನುಗ್ಗುತ್ತದೆ. ಆಗ ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವ ಬಾಗಿಲು ಯಾವುದು, ಕಚ್ಚಿಕೊಳ್ಳದ್ದು ಯಾವುದು ಎಂಬುದನ್ನು ಜೋಡಣೆಯೇ ಹೇಳುತ್ತದೆ, ಕೆತ್ತನೆಯಲ್ಲ.

ಇನ್ನು ಮರದ ಆಯ್ಕೆಯ ಮಾತು. ನಿಜವಾದ ಮಹಾಗನಿಯ ವ್ಯಾಪಾರಕ್ಕೆ 2003ರಿಂದ ಅಂತರರಾಷ್ಟ್ರೀಯ ಕಡಿವಾಣವಿದೆ. ಮಹಾಗನಿ ಎಂದು ಕೊಡುವುದು ಎಷ್ಟೋ ಸಲ ಆಫ್ರಿಕಾದ ನಂಟು ಮರ, ಅಥವಾ ಸಪೇಲಿ. ಅವೇನೂ ಕೆಟ್ಟವಲ್ಲ, ಹೆಸರು ಹೇಳಿ ಮಾರಿದರೆ ಸರಿ. ಗಂಟುಗಂಟಿನ ಆಲ್ಡರ್ ಅಗ್ಗ, ಮೆದು. ಮಳೆಗೆ ಮುಖ ಮಾಡುವ ಬಾಗಿಲಿಗೆ ನಾನು ಅದನ್ನು ಶಿಫಾರಸು ಮಾಡಲಾರೆ. ಊರಿನ ಹೆಸರಿನದೇ ಮರ ಸೈಪ್ರೆಸ್ ಇದೆಯಲ್ಲ ಎನ್ನಬಹುದು. ಹಳೆಯ ಕಾಡಿನ ಸೈಪ್ರೆಸ್‌ನ ತಿರುಳು ಕೊಳೆಯುವುದಿಲ್ಲ ಎಂಬ ಖ್ಯಾತಿ ದಿಟವೇ. ಈಗ ಸಿಗುವ ಎಳೆಮರಕ್ಕೆ ಆ ತಾಳಿಕೆಯಿಲ್ಲ. ಟೆಕ್ಸಸ್‌ನ ಸ್ವಂತ ಮರಗಳಲ್ಲಿ ನಾನು ಮೆಚ್ಚುವುದು ಮೆಸ್ಕೀಟ್. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ನಾವು ಒಲೆಗೆ ಹಾಕುವ ಕುಲದ ಮರವನ್ನು ಅವರು ನೆಲಹಾಸಿಗೆ, ಬಾಗಿಲಿಗೆ ಬಳಸುತ್ತಾರೆ! ಹಿಗ್ಗುವ ಕುಗ್ಗುವ ವಿಷಯದಲ್ಲಿ ಅದು ತೇಗಕ್ಕಿಂತಲೂ ಸ್ಥಿರ. ಉದ್ದನೆಯ, ಬಿರುಕಿಲ್ಲದ ಹಲಗೆ ಸಿಗುವುದು ಮಾತ್ರ ಕಷ್ಟ. ತುಂಡುಗಳನ್ನು ಕೂಡಿಸುವ ತಾಳ್ಮೆ ಇರುವ ಬಡಗಿಗೇ ಅದು ಒಲಿಯುವುದು.

ಇಷ್ಟೆಲ್ಲ ಸರಿಯಿದ್ದೂ ಬಾಗಿಲು ಸೋಲುವುದುಂಟು. ಆಗ ತಪ್ಪು ಬಾಗಿಲಿನದಲ್ಲ, ಮನೆಯ ಮುಖದ್ದು. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಕರಾವಳಿಯ ಮನೆಗಳನ್ನು ಕಂಡವರಿಗೆ ಒಂದು ಸಂಗತಿ ನೆನಪಿರುತ್ತದೆ: ಇಳಿಜಾರು ಮಾಡು ತಲೆ ತಗ್ಗಿಸಬೇಕಾದಷ್ಟು ಕೆಳಕ್ಕೆ ಬಂದಿರುತ್ತದೆ, ಅದರಡಿ ಜಗುಲಿ, ಜಗುಲಿ ದಾಟಿದ ಮೇಲೆ ಬಾಗಿಲು. ಕರಾವಳಿಯ ಮುಂಗಾರನ್ನೂ ಆ ಬಾಗಿಲುಗಳು ತಾಳಿಕೊಂಡದ್ದು ತೇಗ, ಹಲಸಿನ ಗುಣದಿಂದ ಎಷ್ಟೋ, ಆ ಮಾಡಿನ ನೆರಳಿನಿಂದ ಅದಕ್ಕಿಂತ ಹೆಚ್ಚು. ಟೆಕ್ಸಸ್‌ನ ಹೊಸ ಮನೆಗಳಲ್ಲಿ ಪ್ರವೇಶದ ಕಮಾನು ಎರಡಾಳೆತ್ತರ, ಸೂರಿನ ಚಾಚು ಎರಡಡಿ. ಎತ್ತರ ಹೆಚ್ಚಿದಷ್ಟೂ ಓರೆಮಳೆ, ಇಳಿಬಿಸಿಲು ಬಾಗಿಲಿಗೇ ಬಡಿಯುತ್ತವೆ. ಬಾಗಿಲು ತಯಾರಕರ ಖಾತರಿ ಪತ್ರಗಳನ್ನು ಓದಿ ನೋಡಿ. ಸೂರಿನ ಚಾಚು, ಬಾಗಿಲ ಬುಡದಿಂದ ಸೂರಿನವರೆಗಿನ ಎತ್ತರದ ಅರ್ಧದಷ್ಟಾದರೂ ಇರಬೇಕು ಎಂಬ ಷರತ್ತು ಹಲವರಲ್ಲಿದೆ. ಕಾಲು ಇಂಚಿನವರೆಗೆ ಬಾಗಿದರೆ ದೋಷವಲ್ಲ ಎಂಬ ಸಾಲೂ ಇರುತ್ತದೆ. ಹತ್ತಡಿ ಎತ್ತರಕ್ಕೆ ಐದಡಿ ಚಾಚು! ಎಷ್ಟು ಮನೆಗಳಿಗಿದೆ? ಪಶ್ಚಿಮಕ್ಕೆ ಮುಖ ಮಾಡಿ, ಕಡುಗಂದು ಬಣ್ಣ ಬಳಿದುಕೊಂಡು ಸಂಜೆ ಬಿಸಿಲಿಗೆ ನಿಂತ ಬಾಗಿಲಿಗೆ ಹಡಗಿನ ವಾರ್ನಿಷ್ ಬಳಿದರೂ ವರ್ಷ ಎರಡು ವರ್ಷಕ್ಕೊಮ್ಮೆ ಉಜ್ಜಿ ಮತ್ತೆ ಬಳಿಯಬೇಕಾಗುತ್ತದೆ.

ನೆಲವನ್ನೂ ಮರೆಯುವಂತಿಲ್ಲ. ಡಲ್ಲಾಸ್‌ನಿಂದ ಆಸ್ಟಿನ್‌ವರೆಗೆ ಹರಡಿರುವ, ಹ್ಯೂಸ್ಟನ್ ಬ್ಲ್ಯಾಕ್ ಎಂದೇ ಹೆಸರಾದ ಕಪ್ಪು ಜೇಡಿ, ಧಾರವಾಡ, ರಾಯಚೂರಿನ ಎರೆಮಣ್ಣಿನ ಜಾತಿಯದೇ. ಹ್ಯೂಸ್ಟನ್ ಸುತ್ತಲಿನ ಜೇಡಿಯೂ ಹೆಚ್ಚು ಬೇರೆಯಲ್ಲ. ಮಳೆಗೆ ಉಬ್ಬಿ ಬರಕ್ಕೆ ಬಿರಿಯುವ ಆ ಮಣ್ಣಿನ ಮೇಲೆ ಮನೆಯ ಕಾಂಕ್ರೀಟ್ ಹಾಸು ಕೂತಿರುತ್ತದೆ. ಹಾಸು ಒಂದು ಮೂಲೆಗೆ ವಾಲಿದರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಉಜ್ಜುತ್ತದೆ, ಬೈಗುಳ ಬಡಗಿಗೆ. ಬಾಗಿಲಿನ ಅಂಚನ್ನು ತೋಪಡ ಹೊಡೆದು ಸವರುವ ಮೊದಲು ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು ನೋಡುವುದು ಒಳ್ಳೆಯದು.

ನಮ್ಮವರ ಮನೆಗಳಿಗಷ್ಟೇ ಸಂಬಂಧಿಸಿದ ಒಂದು ತೊಡಕು ಬೇರೆ ಇದೆ. ಅಮೆರಿಕದ ಮನೆಯಲ್ಲಿ ಮರದ ಹೊಸ್ತಿಲಿಲ್ಲ. ಅಲ್ಯೂಮಿನಿಯಂ ಪಟ್ಟಿ, ಅದಕ್ಕೊತ್ತುವ ರಬ್ಬರು. ಗೃಹಪ್ರವೇಶದ ದಿನ ಅರಿಶಿನ ಕುಂಕುಮ ಅದಕ್ಕೇ ಬೀಳುತ್ತದೆ, ಆಮೇಲೆ ಶುಕ್ರವಾರ ಶುಕ್ರವಾರ ತೊಳೆದ ನೀರು ಬಾಗಿಲ ಬುಡಕ್ಕೆ ಹೋಗುತ್ತದೆ. ನಿಲುವು ಪಟ್ಟಿಯ ಕೆಳತುದಿಯಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತದೆ. ಎಲ್ಲ ಕಡೆಗಿಂತ ಬೇಗ ನೀರು ಹೀರುವುದು ಆ ಜಾಗ. ಬಾಗಿಲು ಕೂರಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಆ ಅಂಚಿಗೆ ಎಪಾಕ್ಸಿಯೋ ವಾರ್ನಿಷೋ ಎರಡು ಮೂರು ಕೋಟು ಬಿದ್ದಿದ್ದರೆ ಮಾತ್ರ ಗಜಲಕ್ಷ್ಮಿಗೂ ಬಾಳಿಕೆ. ಆಕೆಗೆ ಕಾನೂನಿನ ಅಡ್ಡಿಯೇನೂ ಇಲ್ಲ. ಬಾಗಿಲ ಮೇಲಿನ ಧಾರ್ಮಿಕ ಚಿಹ್ನೆಯನ್ನು ಮನೆಮಾಲೀಕರ ಸಂಘ ತಡೆಯುವಂತಿಲ್ಲ ಎಂದು ಟೆಕ್ಸಸ್ 2011ರಲ್ಲೇ ಕಾಯಿದೆ ಮಾಡಿತು. ಆಗ ಹಾಕಿದ್ದ 25 ಚದರ ಇಂಚಿನ ಮಿತಿಯನ್ನು 2021ರಲ್ಲಿ ತೆಗೆದೂ ಹಾಕಿತು. ಬಾಗಿಲಿನ ಬಣ್ಣ, ವಿನ್ಯಾಸದ ಬಗ್ಗೆ ಮಾತ್ರ ಸಂಘದ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಮರದ ಗೆರೆಗಳನ್ನು ಅಚ್ಚೊತ್ತಿದ ಫೈಬರ್‌ಗ್ಲಾಸ್ ಬಾಗಿಲನ್ನು ಕಂಡು ಮೂಗು ಮುರಿಯುವವರಿದ್ದಾರೆ. ಮುಟ್ಟಿದರೆ ಪೊಳ್ಳು ಗೊತ್ತಾಗುತ್ತದೆ, ಒಪ್ಪಿದೆ. ಆದರೆ ಅದು ಉಬ್ಬುವುದಿಲ್ಲ, ಬಿಸಿಲನ್ನು ಮರಕ್ಕಿಂತ ಚೆನ್ನಾಗಿ ತಡೆಯುತ್ತದೆ. ಪಶ್ಚಿಮದ ಬಿಸಿಲಿಗೆ ತೆರೆದುಕೊಂಡ, ಸೂರಿಲ್ಲದ ಪ್ರವೇಶಕ್ಕೆ ಅದೇ ಸರಿ. ಅಲ್ಲಿ ಮರ ಹಾಕಿಸುವುದು ದುಡ್ಡಿನ ದಂಡ. ಉತ್ತರಕ್ಕೋ ಪೂರ್ವಕ್ಕೋ ಮುಖವಿದ್ದು, ನಾಲ್ಕು ಜನ ಕೂತು ಮಾತಾಡುವಷ್ಟು ಅಗಲದ ಮುಂಚಾವಣಿ ಇದ್ದರೆ ಕೈಗೆಲಸದ ಬಾಗಿಲಿಗೆ ಕೊಟ್ಟ ಬೆಲೆ ದುಬಾರಿಯಲ್ಲ. ಅಂಥ ಮನೆಯವರು ಮುಂಗಡ ಕೊಡುವ ಮೊದಲು ಬಡಗಿಯ ಹತ್ತಿರ ಕೆತ್ತನೆಯ ಚಿತ್ರಗಳನ್ನು ಕೇಳದೆ, ಅವನು ಈಗ ಮಾಡುತ್ತಿರುವ ಬಾಗಿಲೊಂದರ ಬಿಡಿ ಜೋಡಣೆಯನ್ನೂ ಕೆಳ ಅಂಚನ್ನೂ ತೋರಿಸಲು ಹೇಳಲಿ.