ಒಗ್ಗಟ್ಟಿನ ಹೆಸರಲ್ಲಿ ಅನುದಾನಕ್ಕೆ ಕತ್ತರಿ

ಲಂಡನ್ ಬಾಂಬ್ ಸ್ಫೋಟಗಳ ಮರುವರ್ಷ, 2006ರಲ್ಲಿ, ಬ್ರಿಟನ್ ಸರ್ಕಾರ ಒಂದು ಆಯೋಗ ನೇಮಿಸಿತು. ನಾನಾ ದೇಶಗಳಿಂದ ಬಂದವರು ಬೆರೆತು ಬಾಳುವುದು ಹೇಗೆಂದು ಅದು ಹೇಳಬೇಕಿತ್ತು. 2007ರ ಜೂನ್‌ನಲ್ಲಿ ಬಂದ ವರದಿಯಲ್ಲಿ ಒಂದು ಸಲಹೆಯಿತ್ತು: ಒಂದೇ ಜನಾಂಗದ, ಒಂದೇ ಧರ್ಮದ ಸಂಘಗಳಿಗೆ ಸಾರ್ವಜನಿಕ ಹಣ ಕೊಡುವುದು ಅಪರೂಪವಾಗಬೇಕು, ಕೊಟ್ಟರೆ ಸ್ಪಷ್ಟ ಕಾರಣವಿರಬೇಕು. ಕೇಳಲು ಇದು ನ್ಯಾಯವಾಗಿಯೇ ಇದೆ. ಸರ್ಕಾರದ ದುಡ್ಡಿನಲ್ಲಿ ಪ್ರತಿಯೊಬ್ಬರೂ ಬೇಲಿ ಹಾಕಿಕೊಂಡರೆ ಬೆರೆಯುವವರು ಯಾರು? ಆದರೆ ಸಂಘದ ಸದಸ್ಯರು ಯಾರೆಂದು ನೋಡಿದರೆ ಸಾಲದು, ಅದರ ಕೆಲಸವನ್ನೂ ನೋಡಬೇಕು. ಸಲಹೆ ಎಡವಿದ್ದು ಇಲ್ಲಿಯೇ.

ಪಶ್ಚಿಮ ಲಂಡನ್ನಿನ ಸೌತಾಲ್ ಪಂಜಾಬಿಗಳು ನೆಲೆನಿಂತ ಊರು. ಏಷ್ಯಾ ಮತ್ತು ಆಫ್ರಿಕನ್-ಕೆರಿಬಿಯನ್ ಮೂಲದ ಹೆಂಗಸರು 1979ರಲ್ಲಿ ಅಲ್ಲಿ ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ಕಟ್ಟಿದರು. ಗಂಡನ ಹೊಡೆತ ತಿಂದವರು, ವೀಸಾದ ಭಯಕ್ಕೆ ಬಾಯಿ ಬಿಡದವರು, ಇಂಗ್ಲಿಷ್ ಬಾರದೆ ಠಾಣೆಯ ಮೆಟ್ಟಿಲು ಹತ್ತದವರು ಅದರ ಬಾಗಿಲಿಗೆ ಬರುತ್ತಿದ್ದರು. ವರ್ಷಗಟ್ಟಲೆ ಹಿಂಸೆ ಸಹಿಸಿ, ಕೊನೆಗೆ ಗಂಡನಿಗೆ ಬೆಂಕಿಯಿಟ್ಟು ಜೀವಾವಧಿ ಶಿಕ್ಷೆಗೊಳಗಾಗಿದ್ದ ಕಿರಣ್‌ಜಿತ್ ಅಹ್ಲುವಾಲಿಯಾ 1992ರಲ್ಲಿ ಬಿಡುಗಡೆಯಾದದ್ದರ ಹಿಂದೆ ಈ ಸಂಘಟನೆಯ ಹೋರಾಟವಿತ್ತು. ದೌರ್ಜನ್ಯಕ್ಕೊಳಗಾದ ಹೆಂಗಸು ಕೈಯೆತ್ತಿದಾಗ ಕಾನೂನು ಏನನ್ನು ಗಮನಿಸಬೇಕು ಎಂಬ ಚರ್ಚೆಯನ್ನು ಆ ಪ್ರಕರಣ ಇಡೀ ದೇಶದ ಮುಂದಿಟ್ಟಿತು. ವಲಸಿಗರ ಸಂಘವೊಂದು ನೆಲದ ಕಾನೂನಿನಲ್ಲಿ ಇಷ್ಟು ಆಳವಾಗಿ ತೊಡಗಿಕೊಂಡಿದ್ದರೆ ಅದನ್ನು ಬೇಲಿಯೊಳಗಿನದು ಎನ್ನುವುದು ಹೇಗೆ?

ಈ ಸಂಘಟನೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಪೌಂಡ್ ಕೊಡುತ್ತಿದ್ದದ್ದು ಸ್ಥಳೀಯ ಈಲಿಂಗ್ ಕೌನ್ಸಿಲ್. ಆಯೋಗದ ಅಧ್ಯಕ್ಷ ದಾರಾ ಸಿಂಗ್ ಆಗ ಅದೇ ಕೌನ್ಸಿಲ್‌ನ ಮುಖ್ಯ ಕಾರ್ಯನಿರ್ವಾಹಕರು. ಕೌಟುಂಬಿಕ ಹಿಂಸೆಗೆ ಸಿಕ್ಕಿದ ಎಲ್ಲರಿಗೂ, ಲಿಂಗ-ಜನಾಂಗ ನೋಡದೆ, ಒಂದೇ ಸೇವೆ ಸಾಕೆಂದು ನಿರ್ಧರಿಸಿ ಕೌನ್ಸಿಲ್ ಈ ಅನುದಾನಕ್ಕೆ ಕತ್ತರಿ ಹಾಕಹೊರಟಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. 2008ರ ಜುಲೈನಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಕೌನ್ಸಿಲ್ ಹಿಂದೆ ಸರಿಯಿತು. ಆದರೂ ನ್ಯಾಯಮೂರ್ತಿ ಮೋಸಸ್ ತೀರ್ಪು ಬರೆದರು: ಅಲ್ಪಸಂಖ್ಯಾತರಿಗೆಂದೇ ಇರುವ ವಿಶೇಷ ಸೇವೆಗೂ ಸಮಾನತೆ-ಒಗ್ಗಟ್ಟುಗಳಿಗೂ ವಿರೋಧವಿಲ್ಲ.

ಹಾಗೆಂದು ಹಳೆಯ ಪದ್ಧತಿಯನ್ನು ಹೊಗಳಬೇಕಿಲ್ಲ. ಬಹುಸಂಸ್ಕೃತಿಯ ಹೆಸರಿನಲ್ಲಿ ಬ್ರಿಟನ್ನಿನ ಕೌನ್ಸಿಲ್‌ಗಳು ಸಮುದಾಯದ ಮುಖಂಡರೆನಿಸಿಕೊಂಡ ಗಂಡಸರನ್ನೇ ಮಾತಿಗೆ ಕರೆದವು. ಮನೆಯೊಳಗಿನ ಹಿಂಸೆ ಅವರ ಬಾಯಲ್ಲಿ ‘ನಮ್ಮ ಸಂಪ್ರದಾಯ’ವಾಯಿತು. ಇದನ್ನು ಮೊದಲು ಟೀಕಿಸಿದವರಲ್ಲಿ ಸೌತಾಲ್‌ನ ಈ ಹೆಂಗಸರೂ ಇದ್ದರು. ಮುಖಂಡನಿಗೆ ಹಣ ಕೊಟ್ಟರೆ ಅವನ ಹಿಡಿತ ಬಿಗಿಯಾಗುತ್ತದೆ. ಅವನನ್ನು ಪ್ರಶ್ನಿಸುವವಳಿಗೆ ಕೊಟ್ಟರೆ ಠಾಣೆ, ನ್ಯಾಯಾಲಯ, ಆಸ್ಪತ್ರೆಗಳ ದಾರಿ ತೆರೆಯುತ್ತದೆ. ಆಯೋಗದ ಅಳತೆಗೋಲಿನಲ್ಲಿ ಇಬ್ಬರೂ ‘ಒಂದೇ ಗುಂಪಿನವರು’. ಈ ವ್ಯತ್ಯಾಸ ಕಾಣದಿರುವುದೇ ಅದರ ದೊಡ್ಡ ದೋಷ.

ಎಲ್ಲರಿಗೂ ಒಂದೇ ಸೇವೆ ಎಂಬ ಸೂತ್ರ ಸಂಸ್ಥೆಗಳ ಗಾತ್ರಕ್ಕೂ ಮಣೆ ಹಾಕುತ್ತದೆ. ಟೆಂಡರ್ ತುಂಬುವ ಸಿಬ್ಬಂದಿ ಇರುವುದು ದೊಡ್ಡ ಸಂಸ್ಥೆಗಳಲ್ಲಿ. ಪಂಜಾಬಿ, ಉರ್ದು ಮಾತಾಡುವ, ವೀಸಾ ನಿಯಮ ಬಲ್ಲ ಕಾರ್ಯಕರ್ತೆ ಇರುವುದು ಚಿಕ್ಕ ಸಂಘದಲ್ಲಿ.

ಆದರೆ ತೀರ್ಪಿನ ಮಿತಿಯನ್ನೂ ಮರೆಯಬಾರದು. ಅನುದಾನ ಕೊಡಲೇಬೇಕೆಂದು ಅದು ಹೇಳಲಿಲ್ಲ. ಕತ್ತರಿ ಹಾಕುವ ಮುನ್ನ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಬೇಕಿತ್ತು ಎಂದಿತು. ಕಡತ ನೆಟ್ಟಗಿಟ್ಟುಕೊಂಡ ಕೌನ್ಸಿಲ್ ನಾಳೆ ಅದೇ ಕತ್ತರಿ ಹಿಡಿಯಬಹುದು. ಆದ್ದರಿಂದ ಹಣ ಕೊಡುವವರು ಕೇಳಬೇಕಾದದ್ದು ಎರಡು ಪ್ರಶ್ನೆ: ಈ ಸಂಘದೊಳಗೆ ದನಿ ಇಲ್ಲದವರಿಗೆ ಜಾಗವಿದೆಯೇ? ಇಲ್ಲಿಗೆ ಬಂದವರು ಊರಿನ ಸಾರ್ವಜನಿಕ ಸಂಸ್ಥೆಗಳನ್ನು ಹಕ್ಕಿನಿಂದ ತಟ್ಟುವಂತಾಗುತ್ತಾರೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಅನುದಾನ ಹಲವು ವರ್ಷ ನಿಲ್ಲುವಂತಿರಲಿ. ಬಾರದಿದ್ದರೆ, ಎಷ್ಟೇ ಸಮುದಾಯಗಳ ಹೆಸರು ಹೊತ್ತಿದ್ದರೂ ಕೊಡಬೇಕಿಲ್ಲ.