ಕಲ್ಲಿನೊಳಗಿನ ಜನರನ್ನು ಕಂಡವರು

ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳನ್ನು ಎಂ. ಚಿದಾನಂದಮೂರ್ತಿಯವರು ರಾಜರ ಪಟ್ಟಿ ಮಾಡಲೆಂದು ಓದಲಿಲ್ಲ. ಅವರ ಡಾಕ್ಟರೇಟ್ ಮಹಾಪ್ರಬಂಧ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದ ಹಿರಿಮೆ ಇರುವುದೇ ಇಲ್ಲಿ. ತುರುಗಾಳಗದಲ್ಲಿ ಮಡಿದವನು, ಒಡೆಯನಿಗಾಗಿ ಪ್ರಾಣಕೊಟ್ಟ ಗರುಡನೆಂಬ ಬಂಟ, ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಹಿಡಿದವರು, ಮಹಾಸತಿಯರು – ಇವರ ಬದುಕೂ ಅದರಲ್ಲಿ ಇತಿಹಾಸವಾಯಿತು.

ಇಂಥ ಓದಿಗೆ ಏನು ದಕ್ಕುತ್ತದೆ ಎಂಬುದಕ್ಕೆ 10ನೆಯ ಶತಮಾನದ ಆತಕೂರಿನ ಕಲ್ಲನ್ನೇ ನೋಡಿ. ಗಂಗರ ದೊರೆ ಬೂತುಗನಿಂದ ಅವನ ಸಾಮಂತ ಮಣಲೇರ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಂತಿತು. ಅದೇ ಕಲ್ಲಿನಲ್ಲಿ ಚೋಳರ ಮೇಲಿನ ತಕ್ಕೋಲದ ಯುದ್ಧವೂ ಇದೆ. ಯುದ್ಧವನ್ನಷ್ಟೇ ಓದಿದವರಿಗೆ ಕಲ್ಲು ಅರ್ಧವೇ ದಕ್ಕಿದಂತೆ!

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ ಚಿದಾನಂದಮೂರ್ತಿ ಮೇಷ್ಟ್ರು ಹಂಪಿಯ ಸ್ಮಾರಕಗಳ ಉಳಿವಿಗೂ ದನಿಯೆತ್ತಿದರು. ಅವರ ಕೆಲವು ನಿಲುವುಗಳನ್ನು ಒಪ್ಪದವರಿದ್ದಾರೆ. ಆ ಮಹಾಪ್ರಬಂಧವನ್ನು ಬದಿಗಿಟ್ಟು ನಮ್ಮ ನಾಡಿನ ಆ ಏಳು ಶತಮಾನಗಳ ಮಾತಾಡುವುದು ಮಾತ್ರ ಯಾರಿಗೂ ಕಷ್ಟ. ನಿಮ್ಮೂರಿನ ಹೊಲದ ಬದುವಿನಲ್ಲೂ ಅಂಥದೊಂದು ವೀರಗಲ್ಲಿದ್ದರೆ, ಅದನ್ನು ಹಾಸುಗಲ್ಲಾಗಲು ಬಿಡಬೇಡಿ.