ಇದಕ್ಕೆ ಹುಳಿ ಎಲ್ಲಿ?

ನೀವು ಅಮೆರಿಕದಲ್ಲಿದ್ದು, ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ, ಕ್ರೀಮಿ ಟ್ಯಾಕೋ ಸೂಪು ಒಂದಲ್ಲ ಒಂದು ದಿನ ನಿಮ್ಮ ತಟ್ಟೆಗೆ ಬಂದೇ ಬಂದಿರುತ್ತದೆ. ಸಾಕರ್ ತಂಡದ ಪಾಟ್‌ಲಕ್ಕಿನಲ್ಲೋ, ಪಕ್ಕದ ಮನೆಯವರು ಚಳಿಗಾಲದಲ್ಲಿ ತಂದುಕೊಟ್ಟ ಡಬ್ಬದಲ್ಲೋ. ನಮ್ಮನೆಗೆ ಬಂದದ್ದು ಪಾಟ್‌ಲಕ್ಕಿನಿಂದ. ನಾವಿರೋದು ಡಲ್ಲಾಸ್ ಪಕ್ಕದಲ್ಲಿ. ಮಗಳಿಗೆ ಆಗ ಆರು ವರ್ಷ. ಎರಡು ಬಟ್ಟಲು ತಿಂದು, ಕಾರಿನಲ್ಲಿ ಕೂತು, "ಅಪ್ಪ, ಇದನ್ನ ಮನೇಲಿ ಮಾಡು" ಅಂದಳು. ನನ್ನ ಮಗಳು ಒಂದು ಅಡುಗೆಯನ್ನು ಹೆಸರು ಹಿಡಿದು ಕೇಳಿದ್ದು ಅದೇ ಮೊದಲು. ಅವಳು ಸಾರನ್ನು ಕೇಳಿರಲಿಲ್ಲ. ಇದು ಸ್ವಲ್ಪ ಚುಚ್ಚಿತು ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಮುಂದಿನ ಟೀಕೆಯಲ್ಲಿ ಎಷ್ಟು ಪಾಲು ಆ ಚುಚ್ಚಿದ್ದು, ಎಷ್ಟು ಪಾಲು ನ್ಯಾಯ ಅಂತ ನೀವೇ ತೂಗಿ ನೋಡಿ.

ಮಾಡೋದು ಸುಲಭ. ಒಂದು ಈರುಳ್ಳಿ ಬಾಡಿಸಿ, ಬೀಫ್ ಕೀಮಾ ಹುರಿದು, ಒಂದು ಪೊಟ್ಟಣ ಟ್ಯಾಕೋ ಮಸಾಲೆ, ಒಂದು ಪೊಟ್ಟಣ ರಾಂಚ್ ಪುಡಿ, ಹಸಿಮೆಣಸಿನಕಾಯಿ ಹಾಕಿದ ಟೊಮ್ಯಾಟೊ ಡಬ್ಬಿ, ಬೀನ್ಸ್ ಡಬ್ಬಿ, ಜೋಳದ ಡಬ್ಬಿ, ನೀರು. ಇಪ್ಪತ್ತು ನಿಮಿಷ ಕುದಿಸಿ, ಕೊನೆಗೆ 8 ಔನ್ಸಿನ ಕ್ರೀಮ್ ಚೀಸ್ ಗಟ್ಟಿಯನ್ನು ಪೂರ್ತಿ ಒಳಗೆ ಕರಗಿಸೋದು. ನಾವು ಮಾಂಸ ತಿನ್ನದ ಮನೆಯವರು, ಹಾಗಾಗಿ ಕೀಮಾದ ಜಾಗಕ್ಕೆ ಇನ್ನೊಂದು ಡಬ್ಬಿ ಬ್ಲ್ಯಾಕ್ ಬೀನ್ಸ್. ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ಅರ್ಧ ಗಂಟೆಯಲ್ಲಿ ಊಟ ರೆಡಿ. ಮಂಗಳವಾರದ ಸಂಜೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಅದನ್ನು ನಾನು ಕಿತ್ತುಕೊಳ್ಳೋದಿಲ್ಲ.

ಇದರ ಮೇಲೆ ಸಾಮಾನ್ಯವಾಗಿ ಬರುವ ದೂರು ಒಂದಿದೆ: "ಇದು ಮೆಕ್ಸಿಕನ್ ಅಲ್ಲವೇ ಅಲ್ಲ." ಸರಿ, ಅಲ್ಲ. ಆದರೆ ಆ ದೂರಿನಲ್ಲಿ ಹೆಚ್ಚು ಜೀವವಿಲ್ಲ. ಪೊಟ್ಟಣದ ಮಸಾಲೆಗೆ ಇಲ್ಲಿ ನೂರು ವರ್ಷಕ್ಕೂ ಮೀರಿದ ವಂಶಾವಳಿ ಇದೆ. 1890ರ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಮೆಕ್ಸಿಕೋದಿಂದ ಒಣಮೆಣಸಿನಕಾಯಿ ತರಿಸಿ, ಪುಡಿ ಮಾಡಿ, ಬಾಟಲಿಯಲ್ಲಿ ಮಾರಲು ಶುರು ಮಾಡಿದ. ಚಿಲಿ ಪೌಡರ್ ಅಂತ ಇವತ್ತು ಅಮೆರಿಕದ ಪ್ರತಿ ಅಂಗಡಿಯಲ್ಲಿ ಸಿಗುವುದು ಬರೀ ಮೆಣಸಿನಪುಡಿಯಲ್ಲ. ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಸೇರಿದ ಮಸಾಲೆಪುಡಿ. ಊರಿಂದ ಹೊಸದಾಗಿ ಬಂದಾಗ ನಾನು ಅದನ್ನೇ ಅಚ್ಚಖಾರದ ಪುಡಿ ಅಂದುಕೊಂಡು ಒಗ್ಗರಣೆಗೆ ಹಾಕಿ, ಇಡೀ ಪಲ್ಯ ಯಾರದೋ ಮನೆಯ ವಾಸನೆ ಹೊಡೆದಿತ್ತು. ಟೊಮ್ಯಾಟೊ ಜೊತೆ ಮೆಣಸಿನಕಾಯಿ ಸೇರಿಸಿದ ಆ ರೋಟೆಲ್ ಡಬ್ಬಿಯೂ ಟೆಕ್ಸಸ್‌ನದ್ದೇ, ಗಡಿ ಹತ್ತಿರದ ಎಲ್ಸಾ ಎಂಬ ಊರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ್ದು. ಅಂದರೆ ಈ ಸೂಪು ಸುಳ್ಳು ಮೆಕ್ಸಿಕೋ ಅಲ್ಲ, ನಿಜವಾದ ಟೆಕ್ಸಸ್.

ಆ ವಂಶಾವಳಿಯಲ್ಲಿ ಒಂದು ಕಹಿ ತುಂಡೂ ಇದೆ, ಅದನ್ನು ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರಲ್ಲ. ಅದೇ ಕಾಲದಲ್ಲಿ ಸ್ಯಾನ್ ಆಂಟೋನಿಯೋದ ಚೌಕಗಳಲ್ಲಿ ಮೆಕ್ಸಿಕನ್ ಹೆಂಗಸರು ಸಂಜೆಯಾದರೆ ದೀಪ ಹಚ್ಚಿಕೊಂಡು, ಮೇಜು ಹಾಕಿಕೊಂಡು, ಬಿಸಿ ಚಿಲಿ ಬಡಿಸಿ ಮಾರುತ್ತಿದ್ದರು. ಅವರನ್ನು ಜನ ಚಿಲಿ ಕ್ವೀನ್ಸ್ ಅಂತ ಕರೆದರು. ಕೊನೆಗೆ ನಗರದ ಆರೋಗ್ಯ ನಿಯಮಗಳು ಅವರನ್ನು ಚೌಕದಿಂದ ಎಬ್ಬಿಸಿದವು. ಆ ರುಚಿ ಪೊಟ್ಟಣವಾಗಿ, ಡಬ್ಬಿಯಾಗಿ ದೇಶ ಸುತ್ತಿತು. ಅಡುಗೆಯವರು ಚೌಕಕ್ಕೆ ವಾಪಸ್ ಬರಲಿಲ್ಲ. ಪೊಟ್ಟಣ ಹರಿಯುವಾಗ ಇದನ್ನು ನೆನೆಸಿಕೊಂಡರೆ ರುಚಿಯೇನೂ ಬದಲಾಗಲ್ಲ ನಿಜ. ಆದರೂ ನನಗೆ ನೆನಪಾಗುತ್ತೆ.

ಇನ್ನು ಪೊಟ್ಟಣವನ್ನೇ ಹೀಗಳೆಯೋದಕ್ಕೆ ನಮಗೆ ಯಾವ ಮುಖ? ನಮ್ಮಮ್ಮ ಹಾಸನದಲ್ಲಿ ಬೇಸಿಗೆಗೊಮ್ಮೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗಿಸಿ, ಹುರಿದು, ಮಿಲ್ಲಿಗೆ ಕೊಟ್ಟು ಸಾರಿನ ಪುಡಿ ಮಾಡಿಸ್ತಿದ್ದರು. ಈಗ ಇಲ್ಲಿಗೆ ಬರುವಾಗ ಅವರ ಸೂಟ್‌ಕೇಸಿನಲ್ಲಿ ಅಂಗಡಿಯ ಪೊಟ್ಟಣಗಳಿರ್ತವೆ. ಅದೂ ಹೋಗಲಿ, ಮೆಣಸಿನಕಾಯಿ, ಟೊಮ್ಯಾಟೊ, ಮುಸುಕಿನ ಜೋಳ ಈ ಮೂರೂ ನಮ್ಮಲ್ಲಿಗೆ ಬಂದದ್ದೇ ಮೆಕ್ಸಿಕೋ ಕಡೆಯ ಖಂಡದಿಂದ, ಪೋರ್ಚುಗೀಸರ ಹಡಗುಗಳು ಬಂದ ಮೇಲೆ. ಕನ್ನಡ ಕಲೀತಿರೋರು ಗಮನಿಸಿ: ನಮಗೆ ಮೊದಲಿಂದ ಇದ್ದದ್ದು ಮೆಣಸು, ಅಂದರೆ ಕರಿಮೆಣಸು. ಹೊಸ ಕಾಯಿ ಬಂದಾಗ ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತ ಅದಕ್ಕೆ ಮೆಣಸಿನಕಾಯಿ ಎಂದು ಹೆಸರಿಟ್ಟು ಮನೆಗೆ ಸೇರಿಸಿಕೊಂಡೆವು.

ಹಾಗಾದರೆ ನನ್ನ ತಕರಾರು ಏನು? ಅದನ್ನು ನಾನು ಕಂಡುಹಿಡಿಯಲಿಲ್ಲ. ಅಮ್ಮ ಕಂಡುಹಿಡಿದರು.

ಹೋದ ಚಳಿಗಾಲ ಅಮ್ಮ ಬಂದಿದ್ದಾಗ ಈ ಸೂಪು ಮಾಡಿದೆ. ಒಂದು ಚಮಚ ಬಾಯಿಗಿಟ್ಟು, ಇನ್ನೊಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ ಕಣೋ, ಆದ್ರೆ ಇದಕ್ಕೆ ಹುಳಿ ಎಲ್ಲಿ?" ಅಂದರು. ಟೊಮ್ಯಾಟೊ ಇದೆಯಲ್ಲಮ್ಮ ಅಂದೆ. "ಇತ್ತೇನೋ. ಬೆಣ್ಣೆ ನುಂಗಿಬಿಟ್ಟಿದೆ." ಅವರು ಕ್ರೀಮ್ ಚೀಸನ್ನು ಕೊನೆಯವರೆಗೂ ಬೆಣ್ಣೆ ಅಂತಲೇ ಕರೆದರು. ಅದೇನೂ ದೊಡ್ಡ ತಪ್ಪಲ್ಲ. ಅಮೆರಿಕದ ನಿಯಮದ ಪ್ರಕಾರ ಕ್ರೀಮ್ ಚೀಸಿನಲ್ಲಿ ಕನಿಷ್ಠ ಶೇಕಡಾ 33 ಹಾಲಿನ ಕೊಬ್ಬು ಇರಬೇಕು. 8 ಔನ್ಸ್ ಅಂದರೆ 226 ಗ್ರಾಂ, ಅದರಲ್ಲಿ ಸುಮಾರು 75 ಗ್ರಾಂ ಬರೀ ಕೊಬ್ಬು. ಅದು ಒಂದು ಪಾತ್ರೆಗೆ ಇಳಿದಾಗ ಆಗೋದು ಇಷ್ಟೇ: ಮೆಣಸಿನಕಾಯಿಯ ಖಾರದ ಅಂಶ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥದ್ದು, ಹಾಲಿನ ಪ್ರೋಟೀನೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾರ ಮೆತ್ತಗಾಗುತ್ತದೆ, ಟೊಮ್ಯಾಟೊದ ಹುಳಿ ಮಂಕಾಗುತ್ತದೆ. ಮಕ್ಕಳು ಎರಡು ಬಟ್ಟಲು ತಿನ್ನೋದು ಅದಕ್ಕೇ. ರೆಸಿಪಿ ಬರೆಯುವವರು ಇದನ್ನು ಗುಟ್ಟಾಗೇನೂ ಇಟ್ಟಿಲ್ಲ. ಮಕ್ಕಳಿಗೆ ಹಿಡಿಸುತ್ತೆ ಅಂತ ತಲೆಬರಹದಲ್ಲೇ ಹಾಕಿರ್ತಾರೆ.

ಈಗ ಟ್ಯಾಕೋ ಅಂದರೆ ಏನು ನೋಡಿ. ನಿಮ್ಮೂರಿನಲ್ಲಿ ಒಳ್ಳೆಯ ಟ್ಯಾಕೋ ಗಾಡಿ ಇದ್ದರೆ ಹೋಗಿ ನಿಂತುಕೊಳ್ಳಿ. ಕೆಳಗೆ ಜೋಳದ ತೋರ್ತಿಯ, ಮೇಲೆ ಬಿಸಿಯಾಗಿ ಮಸಾಲೆಯ ಮಾಂಸವೋ ಬೀನ್ಸೋ ಹುರಿದ ಅಣಬೆಯೋ, ಅದರ ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ನಿಂಬೆಹೋಳು, ಖಾರದ ಸಾಲ್ಸಾ. ಬಿಸಿ ಮತ್ತು ತಣ್ಣಗಿನದು, ಬೆಂದದ್ದು ಮತ್ತು ಹಸಿಯದ್ದು, ಕೊಬ್ಬು ಮತ್ತು ಹುಳಿ ಒಂದೇ ತುತ್ತಿನಲ್ಲಿ ಜಗಳವಾಡಬೇಕು. ಆ ಜಗಳವೇ ಟ್ಯಾಕೋ. ನನ್ನ ಕೆಲಸದ ಭಾಷೆಯಲ್ಲಿ ಹೇಳಿದರೆ, ಈ ಸೂಪು ಟ್ಯಾಕೋದ ಸರಾಸರಿಯನ್ನು ಉಳಿಸಿಕೊಂಡು ವೇರಿಯೆನ್ಸನ್ನು ಸೊನ್ನೆ ಮಾಡಿದೆ. ಮೊದಲ ಚಮಚವೂ ಮೂವತ್ತನೇ ಚಮಚವೂ ಒಂದೇ.

ಜೋಳದ ಕಥೆ ಇನ್ನೂ ಬೇಜಾರು. ತೋರ್ತಿಯದ ಪರಿಮಳ ಬರೋದು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿಟ್ಟು ರುಬ್ಬುವುದರಿಂದ. ಹೌದು, ಸುಣ್ಣ, ನಮ್ಮಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಸುಣ್ಣವೇ. ಸೂಪಿಗೆ ಹಾಕುವ ಡಬ್ಬಿಯ ಸಿಹಿಜೋಳಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಹಿಜೋಳ ಸಿಹಿಯನ್ನಷ್ಟೇ ತರುತ್ತದೆ. ಇರೋ ಒಂದು ಹುಳಿಯನ್ನೂ ಅದು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ.

ಮೆಕ್ಸಿಕೋದವರು ಸೂಪಿಗೆ ಕೆನೆ ಹಾಕೋದೇ ಇಲ್ವಾ ಅಂತ ನೀವು ಕೇಳಬಹುದು. ಹಾಕ್ತಾರೆ, ಎಲ್ಲಿ ಹಾಕ್ತಾರೆ ಅನ್ನೋದು ಮುಖ್ಯ. ಸೋಪಾ ದೆ ತೋರ್ತಿಯ ಅಂತ ಒಂದಿದೆ: ಟೊಮ್ಯಾಟೊ, ಒಣಮೆಣಸಿನಕಾಯಿಯ ತಿಳಿಯಾದ ಸಾರು, ಅದರೊಳಗೆ ಕರಿದ ತೋರ್ತಿಯ ಚೂರು, ಮೇಲೆ ಬೆಣ್ಣೆಹಣ್ಣು, ಒಂದು ಚಮಚ ಕ್ರೆಮಾ. ಕೆನೆ ಅಲ್ಲಿ ಮೇಲೆ ತೇಲುತ್ತದೆ. ಒಂದು ಚಮಚದಲ್ಲಿ ಸಿಕ್ಕರೆ ಇನ್ನೊಂದರಲ್ಲಿ ಸಿಗಲ್ಲ. ಪೊಸೊಲೆ ಎಂಬ ಜೋಳದ ಸಾರಿಗೆ ಮೇಜಿನ ಮೇಲೆ ಎಲೆಕೋಸು, ಮೂಲಂಗಿ, ನಿಂಬೆ, ಓರೆಗಾನೊ ಇಟ್ಟಿರ್ತಾರೆ, ಅವರವರ ಬಟ್ಟಲಿಗೆ ಅವರವರೇ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಒಂದು ಸೂಪಿಗೆ ಯಾಕೆ ಅಂದರೆ, ನನ್ನ ಭಯ ಬೇರೆ. ಪಾಟ್‌ಲಕ್ಕಾದ ತಿಂಗಳಲ್ಲೇ ಮಗಳು ತಿಳಿಸಾರನ್ನು ನೋಡಿ "ವಾಟರಿ" ಅಂದಳು. ಅದಕ್ಕೂ ಮೊದಲು ಅವಳು ಸಾರು ತಿನ್ನುತ್ತಿರಲಿಲ್ಲ ಅಂತಲ್ಲ, ಆದರೆ ಅದಕ್ಕೊಂದು ಬೈಗುಳ ಇಟ್ಟಿರಲಿಲ್ಲ. ಇಲ್ಲಿ ಮಗುವಿನ ತಟ್ಟೆಗೆ ಬರೋದೆಲ್ಲ ನೋಡಿ: ಮ್ಯಾಕ್ ಅಂಡ್ ಚೀಸ್, ಆಲ್ಫ್ರೆಡೊ, ಕ್ಯಾರೆಟ್ ಅದ್ದೋದಕ್ಕೆ ರಾಂಚ್. ಒಂದೊಂದೂ ತಪ್ಪಲ್ಲ. ಆದರೆ ಮಾದರಿಗೆ ನೀವು ಏನನ್ನು ಹೆಚ್ಚು ತೋರಿಸ್ತೀರೋ ಅದನ್ನೇ ಅದು ಸಹಜ ಅಂತ ಕಲಿಯುತ್ತದೆ. ನಾಲಿಗೆಯೂ ಹಾಗೇ ಅಂತ ನನ್ನ ಅನುಮಾನ. ಗಟ್ಟಿಯಾಗಿ, ಬೆಳ್ಳಗೆ, ಮೆತ್ತಗೆ ಇರೋದು ಊಟ. ತಿಳಿಯಾಗಿ, ಹುಳಿಯಾಗಿ, ಚುರುಕಾಗಿ ಇರೋದು ಏನೋ ಕೊರತೆಯದ್ದು ಅಂತಾದರೆ, ಅಲ್ಲಿಗೆ ಸಾರು ಸೋಲುತ್ತದೆ. ಸೋಪಾ ದೆ ತೋರ್ತಿಯವೂ ಸೋಲುತ್ತದೆ. ಈ ವಿಷಯದಲ್ಲಿ ಹಾಸನದ ಅಡುಗೆಮನೆ, ಮೆಕ್ಸಿಕೋದ ಅಡುಗೆಮನೆ ಒಂದೇ ಪಕ್ಷ.

ಹಾಗಂತ ಸೂಪು ನಿಲ್ಲಿಸಲಿಲ್ಲ. ನಿಲ್ಲಿಸೋದಕ್ಕೆ ಆಗೋದೂ ಇಲ್ಲ, ಮಂಗಳವಾರ ಪ್ರತಿ ವಾರ ಬರುತ್ತೆ. ಅಮ್ಮ ಒಂದು ಉಪಾಯ ಹೇಳಿದರು. "ಗಟ್ಟಿ ಬೇಕು ಅಂದ್ರೆ ಅದರದ್ದೇ ಒಂದು ಹಿಡಿ ಕಾಳು ರುಬ್ಬಿ ಹಾಕೋ. ಬಸ್ಸಾರಿಗೆ ಮಾಡಲ್ವಾ?" ಬಸ್ಸಾರು ಗೊತ್ತಿಲ್ಲದವರಿಗೆ: ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಬೆಂದದ್ದರಲ್ಲೇ ಸ್ವಲ್ಪ ತೆಗೆದು ಮಸಾಲೆ ಜೊತೆ ರುಬ್ಬಿ, ಆ ಬಸಿದ ನೀರಿಗೇ ಸೇರಿಸಿ ಕುದಿಸುವ ಸಾರು. ಉಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಗಟ್ಟಿತನ ಹೊರಗಿನಿಂದ ಬರೋದಿಲ್ಲ, ಅದರದ್ದೇ ಹೊಟ್ಟೆಯಿಂದ ಬರುತ್ತದೆ.

ಹಾಗೇ ಮಾಡಿದೆ. ಒಂದು ಡಬ್ಬಿ ಬೀನ್ಸನ್ನು ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿ ಸೇರಿಸಿದೆ. ಎರಡು ಚಮಚ ಮಾಸಾ ಹರಿನಾ, ಅಂದರೆ ಆ ಸುಣ್ಣದಲ್ಲಿ ಬೆಂದ ಜೋಳದ ಹಿಟ್ಟು, ತಣ್ಣೀರಿನಲ್ಲಿ ಕದಡಿ ಹಾಕಿ ಹತ್ತು ನಿಮಿಷ ಕುದಿಸಿದೆ. ಟೆಕ್ಸಸ್‌ನವರು ಚಿಲಿ ಗಟ್ಟಿ ಮಾಡೋಕೆ ಇದನ್ನೇ ಹಾಕ್ತಾರೆ, ನನ್ನ ಸಂಶೋಧನೆಯೇನೂ ಅಲ್ಲ. ಪಾತ್ರೆಯಿಂದ ಬಂದ ಮೊದಲ ಘಮಕ್ಕೇ ತೋರ್ತಿಯ ಸುಡುವ ವಾಸನೆ ನೆನಪಾಯಿತು. ರಾಂಚ್ ಪೊಟ್ಟಣ ಬಿಟ್ಟೆ, ಎರಡೂ ಪೊಟ್ಟಣ ಸೇರಿದರೆ ಬಾಯಲ್ಲಿ ಉಳಿಯೋದು ಉಪ್ಪೊಂದೇ. ಸಿಹಿಜೋಳ ಅರ್ಧ. ಕ್ರೀಮ್ ಚೀಸ್ ಗಟ್ಟಿಯಲ್ಲಿ ಕಾಲು ಭಾಗ ಮಾತ್ರ, ಅದೂ ಬಟ್ಟಲಲ್ಲಿ ಬಿಸಿ ಸೂಪಿನ ಜೊತೆ ಮೊದಲು ಕಲಸಿಕೊಂಡು. ಫ್ರಿಜ್ಜಿನಿಂದ ತೆಗೆದು ನೇರ ಹಾಕಿದರೆ ಬಿಳೀ ಗಂಟು ಗಂಟಾಗಿ ತೇಲುತ್ತೆ, ನೋಡಿದವರು ಮೊಸರು ಒಡೆದಿದೆ ಅಂತಾರೆ. ಒಲೆ ಆರಿಸಿದ ಮೇಲೆ ಎರಡು ನಿಂಬೆಹಣ್ಣಿನ ರಸ. ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ತೋರ್ತಿಯ ಚಿಪ್ಸು, ನಿಂಬೆಹೋಳು ಮೇಜಿನ ಮೇಲೆ. ಒಟ್ಟು ಮೂವತ್ತೈದು ನಿಮಿಷ. ಐದು ನಿಮಿಷ ಜಾಸ್ತಿ, ಅದರಲ್ಲಿ ಮೂರು ನಿಮಿಷ ಮಿಕ್ಸಿ ತೊಳೆಯೋದು.

ಅದೇ ರುಚಿ ಉಳೀತು ಅಂತ ಹೇಳಿದರೆ ಮೋಸ. ಮಗಳು ಮೊದಲ ಚಮಚಕ್ಕೇ "ಇದು ಆ ಸೂಪ್ ಅಲ್ಲ" ಅಂದಳು, ಸರಿಯಾಗೇ ಹೇಳಿದಳು. ಆ ಸೂಪಿನ ಮೆತ್ತನೆಯ ಸಮಾಧಾನ ಇದರಲ್ಲಿಲ್ಲ. ಜ್ವರ ಬಂದು ಮಲಗಿದ ದಿನ ನನಗೂ ಹಳೆಯದ್ದೇ ಬೇಕು ಅನ್ನಿಸುತ್ತೆ. ಆದರೆ ನಿಂಬೆಹೋಳು ಅವಳ ಕೈಗೆ ಸಿಕ್ಕಿತು. ಹಿಂಡಿದಳು, ಕಣ್ಣು ಕಿವಿಚಿದಳು, ಮತ್ತೆ ಹಿಂಡಿದಳು. ಅಜ್ಜಿ ಪಕ್ಕದಲ್ಲಿ ಕೂತು "ಸಾಕು ಕಣೇ, ಹಲ್ಲು ಚಳಿತು ಹೋಗುತ್ತೆ" ಅಂತ ಅನ್ನುತ್ತಲೇ ತಮ್ಮ ಬಟ್ಟಲಿಗೂ ಹಿಂಡಿಕೊಂಡರು.

ಆ ವಾರವೇ ಗುರುವಾರ ತಿಳಿಸಾರು ಮಾಡಿದ್ದೆ. ಅನ್ನಕ್ಕೆ ಬಡಿಸುವಷ್ಟರಲ್ಲಿ ಮಗಳು ಪ್ಯಾಂಟ್ರಿಯಿಂದ ತೋರ್ತಿಯ ಚಿಪ್ಸಿನ ಚೀಲ ಎಳೆದುಕೊಂಡು ಬಂದು, ಸಾರಿನ ಬಟ್ಟಲಿಗೆ ಪುಡಿ ಮಾಡಿ ಹಾಕಿಕೊಂಡಳು. ನಾನು ಅಮ್ಮನ ಮುಖ ನೋಡಿದೆ. ಅವರು ಏನೂ ಅನ್ನಲಿಲ್ಲ. ಹಾಸನದಿಂದ ತಂದ ಹಪ್ಪಳ ಹಿಂದಿನ ವಾರವೇ ಮುಗಿದಿತ್ತು.